ಕ್ರಿಸ್ತರು ಹುಟ್ಟಿದ್ದು ಕ್ರಿಸ್ತಪೂರ್ವದಲ್ಲೇ?



ನಿಮ್ಮ ಸಿವಿಲ್ ಐಡಿಯ ಮೇಲೆ ನಿಮ್ಮ ಜನ್ಮದಿನಾಂಕವಿದೆ. ಅದು ಸರಿಯಾಗಿಯೇ ಇರುತ್ತದೆ. ನೀವು ಹುಟ್ಟಿದ ಹೊತ್ತಿಗೇ ಆಸ್ಪತ್ರೆಯವರು ಅದನ್ನು ಬರೆದಿಟ್ಟಿದ್ದಾರೆ. ಇನ್ನು ಊರಿನಲ್ಲಿರುವ ಅಜ್ಜನ ಪಾಸ್‌ಪೋರ್ಟನ್ನೋ ಪಿಂಚಣಿ ಕಾಗದವನ್ನೋ ತೆಗೆದು ನೋಡಿ. ಅಲ್ಲಿ ಜೂನ್ 1 ಎಂದಿದ್ದರೆ ಆಶ್ಚರ್ಯಪಡಬೇಡಿ. ನಮ್ಮ ಕರ್ನಾಟಕದ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಬಹಳಷ್ಟು ಜನರ 'ಅಧಿಕೃತ' ಹುಟ್ಟುಹಬ್ಬ ಜೂನ್ 1. ಶಾಲೆ ಆರಂಭವಾಗುವ ತಿಂಗಳು ಅದು. ಮಗುವನ್ನು ಸೇರಿಸಲು ಬಂದ ತಂದೆಗೆ ತಾರೀಖು ನೆನಪಿಲ್ಲ. ಹೆಡ್‌ಮಾಸ್ತರರು ಮಗುವನ್ನು ನೋಡಿ, ವಯಸ್ಸು ಅಂದಾಜು ಮಾಡಿ, ಜೂನ್ 1 ಎಂದು ಬರೆದು ಸಹಿ ಹಾಕಿದರು. ಸರಕಾರದ ಮುದ್ರೆ ಬಿದ್ದ ಕಾಗದವೇ ಆದರೂ ಅದರಲ್ಲಿರುವ ದಿನ ನಿಜವಲ್ಲ. ಆದರೆ ಅಜ್ಜ ಹುಟ್ಟಿದ್ದು ನಿಜ, ವರ್ಷವೂ ಹೆಚ್ಚುಕಡಿಮೆ ನಿಜ.

ಇತಿಹಾಸಕಾರರ ಕೆಲಸ ಇಂಥದೇ. ಬರೆದವರು ಯಾರು, ಘಟನೆ ನಡೆದು ಎಷ್ಟು ಕಾಲದ ಮೇಲೆ ಬರೆದರು, ಯಾಕೆ ಬರೆದರು ಎಂದು ಕೇಳುತ್ತಾ ಒಂದೊಂದು ಆಧಾರವನ್ನೂ ತಕ್ಕಡಿಗೆ ಹಾಕುವುದು. ಪ್ರತಿ ಡಿಸೆಂಬರಿನಲ್ಲಿ ಮಕ್ಕಳು ಕೇಳುವ ಪ್ರಶ್ನೆಯೊಂದನ್ನು ಈ ತಕ್ಕಡಿಯಲ್ಲಿ ತೂಗಿ ನೋಡೋಣ. ಯೇಸು ಕ್ರಿಸ್ತರು ಹುಟ್ಟಿದ್ದು ಯಾವಾಗ, ಎಲ್ಲಿ? ಅದಕ್ಕೆ ಇತಿಹಾಸದ ಆಧಾರವಿದೆಯೇ?

ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದರೆ ಉತ್ತರ ಬಹಳ ಸುಲಭ. ಇಸವಿ ಎಣಿಸುವುದೇ ಅವರ ಹುಟ್ಟಿನಿಂದ ಅಲ್ಲವೇ? ಆದರೆ ಯೇಸು ಬದುಕಿದ್ದ ಕಾಲದಲ್ಲಿ ಹೀಗೆ ಎಣಿಸುವವರು ಯಾರೂ ಇರಲಿಲ್ಲ. ಈ ಲೆಕ್ಕ ಹಾಕಿದ್ದು ಐದು ಶತಮಾನಗಳ ನಂತರ, ರೋಮಿನಲ್ಲಿದ್ದ ಡಯೋನೀಸಿಯಸ್ ಎಕ್ಸಿಗುಅಸ್ ಎಂಬ ಸನ್ಯಾಸಿ. ಈಸ್ಟರ್ ಹಬ್ಬದ ದಿನಾಂಕಗಳ ಪಟ್ಟಿ ತಯಾರಿಸುತ್ತಿದ್ದ ಅವನಿಗೆ, ಕ್ರೈಸ್ತರನ್ನು ಹಿಂಸಿಸಿದ ಡಯೋಕ್ಲೀಷಿಯನ್ ಚಕ್ರವರ್ತಿಯ ಹೆಸರಿನಲ್ಲಿ ವರ್ಷ ಎಣಿಸುವುದು ಹಿಡಿಸಲಿಲ್ಲ. ಆದುದರಿಂದ ಕ್ರಿಸ್ತರ ಹುಟ್ಟಿನಿಂದ ಎಣಿಸಿ, ಆಗ ನಡೆಯುತ್ತಿದ್ದುದು 525ನೆಯ ವರ್ಷ ಎಂದ. ಹೇಗೆ ಲೆಕ್ಕ ಹಾಕಿದೆನೆಂದು ಅವನು ವಿವರಿಸಲಿಲ್ಲ. ನಮ್ಮ ಹೆಡ್‌ಮಾಸ್ತರರ ಜೂನ್ 1ರ ಹಾಗೆಯೇ ಇದೂ ಒಂದು ಅಂದಾಜು. ಜಗತ್ತೇ ಒಪ್ಪಿಕೊಂಡ ಅಂದಾಜು.

ಆ ಅಂದಾಜು ಕೆಲವು ವರ್ಷ ತಪ್ಪಿದೆ ಎಂದು ತಿಳಿದದ್ದು ಹೇಗೆ? ಬೈಬಲಿನಿಂದಲೇ. ಹೆರೋದನು ಯೂದಾಯದ ಅರಸನಾಗಿದ್ದಾಗ ಯೇಸು ಹುಟ್ಟಿದರು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಲೂಕನೂ ತನ್ನ ಕಥೆಯನ್ನು ಹೆರೋದನ ಕಾಲದಿಂದಲೇ ಆರಂಭಿಸುತ್ತಾನೆ. ಬಡಗಿಯ ಮಗನ ಜನ್ಮಪತ್ರ ನಮಗೆ ಸಿಗುವುದಿಲ್ಲ. ಅರಸನ ಕಾಲವನ್ನು ಮಾತ್ರ ಹುಡುಕಬಹುದು. ಹಾಗಾಗಿ ಪ್ರಶ್ನೆ, ಹೆರೋದ ಸತ್ತದ್ದು ಯಾವಾಗ ಎಂದಾಗುತ್ತದೆ.

ಯೆಹೂದಿ ಇತಿಹಾಸಕಾರ ಜೋಸೆಫಸ್ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಹೆರೋದ ಎಷ್ಟು ವರ್ಷ ಆಳಿದ ಎಂಬುದನ್ನು ಕೊಟ್ಟು, ಅವನು ಸಾಯುವ ಮುಂಚೆ ಚಂದ್ರಗ್ರಹಣವಾಯಿತೆಂದೂ ಸತ್ತ ಮೇಲೆ ಪಸ್ಕ ಹಬ್ಬ ಬಂತೆಂದೂ ಹೇಳುತ್ತಾನೆ. ಕ್ರಿ.ಪೂ. 4ರ ಮಾರ್ಚ್ 13ರಂದು ಅಲ್ಲಿ ಕಾಣುವಂಥ ಚಂದ್ರಗ್ರಹಣ ಇತ್ತೆಂದು ಖಗೋಳ ಗಣಿತ ಹೇಳುತ್ತದೆ. ಪುಸ್ತಕದ ಮಾತು ಸಾಲದು ಎನ್ನುವವರಿಗೆ ನಾಣ್ಯವಿದೆ. ಹೆರೋದನ ಮಗ ಆಂತಿಪ ಗಲಿಲಾಯವನ್ನು ಆಳಿದವನು. ರೋಮನ್ನರು ಅವನನ್ನು ಕ್ರಿ.ಶ. 39ರಲ್ಲಿ ಪದವಿಯಿಂದ ಇಳಿಸಿದರು. ಅವನ ಆಳ್ವಿಕೆಯ 43ನೆಯ ವರ್ಷವೆಂದು ಅಚ್ಚಾದ ನಾಣ್ಯಗಳು ಸಿಕ್ಕಿವೆ. ಹಿಂದಕ್ಕೆ ಎಣಿಸಿ ನೋಡಿ. ಕ್ರಿ.ಶ. 39 ಅವನ 43ನೆಯ ವರ್ಷವಾದರೆ ಮೊದಲನೆಯ ವರ್ಷ ಯಾವುದು? ಎಣಿಸುವಾಗ ಒಂದು ಎಚ್ಚರ ಬೇಕು: ಸೊನ್ನೆ ಎಂಬ ಇಸವಿ ಇಲ್ಲ, ಕ್ರಿ.ಪೂ. 1 ಮುಗಿದ ಕೂಡಲೇ ಕ್ರಿ.ಶ. 1. ಉತ್ತರ ಕ್ರಿ.ಪೂ. 4 ಎಂದು ಬರುತ್ತದೆ. ಅಪ್ಪ ಸತ್ತ ವರ್ಷವೇ ಮಗ ಪಟ್ಟಕ್ಕೆ ಬಂದ. ಕ್ರಿ.ಪೂ. 1ರ ಇನ್ನೊಂದು ಗ್ರಹಣವನ್ನು ಹಿಡಿದು ವಾದಿಸುವ ವಿದ್ವಾಂಸರೂ ಕೆಲವರಿದ್ದಾರೆ. ಆದರೆ ಈ ನಾಣ್ಯದ ಲೆಕ್ಕವನ್ನು ಸರಿಸುವುದು ಅವರಿಗೆ ಸುಲಭವಲ್ಲ.

ಹೆರೋದ ಬದುಕಿದ್ದಾಗ ಯೇಸು ಹುಟ್ಟಿದ್ದರೆ ಅದು ಕ್ರಿ.ಪೂ. 4ಕ್ಕಿಂತ ಈಚೆ ಆಗಲಾರದು. ಎರಡು ವರ್ಷದೊಳಗಿನ ಮಕ್ಕಳನ್ನು ಹೆರೋದ ಕೊಲ್ಲಿಸಿದನೆಂದು ಮತ್ತಾಯ ಹೇಳುವುದರಿಂದ ಒಂದೆರಡು ವರ್ಷ ಹಿಂದಕ್ಕೂ ಹೋಗಬಹುದು. ಬಹುಪಾಲು ವಿದ್ವಾಂಸರು ಕ್ರಿ.ಪೂ. 6ರಿಂದ 4ರ ನಡುವೆ ಎನ್ನುವುದು ಈ ಕಾರಣದಿಂದ. ಕ್ರಿಸ್ತರು ಕ್ರಿಸ್ತಪೂರ್ವದಲ್ಲಿ ಹುಟ್ಟಿದರು ಎನ್ನುವುದು ಕೇಳಲು ತಮಾಷೆ, ತಪ್ಪು ಡಯೋನೀಸಿಯಸ್ಸನದು. ನಿಮ್ಮ ತಂದೆತಾಯಿಯರು ಕಂಡ 2000ನೆಯ ಇಸವಿಯ ಸಂಭ್ರಮವೂ ಈ ಲೆಕ್ಕದಲ್ಲಿ ಮೂರರಿಂದ ಐದು ವರ್ಷ ತಡವಾಗಿ ನಡೆದದ್ದು!

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಲೂಕನು ಇನ್ನೊಂದು ಸಾಕ್ಷ್ಯ ಹೇಳುತ್ತಾನೆ. ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗ ಖಾನೇಷುಮಾರಿ ನಡೆಯಿತು, ಹೆಸರು ಬರೆಸಲು ಯೋಸೇಫನು ಗರ್ಭಿಣಿಯಾದ ಮರಿಯಳೊಂದಿಗೆ ನಜರೇತಿನಿಂದ ಬೇತ್ಲೆಹೇಮಿಗೆ ಹೋದನು, ಅಲ್ಲಿ ಮಗು ಹುಟ್ಟಿತು, ಗೋದಲಿಯಲ್ಲಿ ಮಲಗಿಸಿದರು. ಕ್ರಿಸ್‌ಮಸ್ ಸಮಯದಲ್ಲಿ ನೀವು ಮನೆಗಳಲ್ಲಿ, ಚರ್ಚುಗಳಲ್ಲಿ ನೋಡುವ ಗೋದಲಿ ಇದೇ. ಕುರೇನ್ಯನ ಖಾನೇಷುಮಾರಿ ಜೋಸೆಫಸನಿಗೂ ಗೊತ್ತು. ಆದರೆ ಅದು ನಡೆದದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತು ಸುಮಾರು ಒಂಬತ್ತು ವರ್ಷವಾದ ಮೇಲೆ, ಯೂದಾಯವನ್ನು ರೋಮನ್ನರು ನೇರವಾಗಿ ತಮ್ಮ ಕೈಗೆ ತೆಗೆದುಕೊಂಡಾಗ. ಎರಡೂ ಸರಿಯಾಗುವುದು ಹೇಗೆ? ಕುರೇನ್ಯನು ಮೊದಲೊಮ್ಮೆಯೂ ಅಧಿಕಾರದಲ್ಲಿದ್ದಿರಬಹುದು ಎಂದು ಕೆಲವರು, ಲೂಕನ ಗ್ರೀಕ್ ವಾಕ್ಯವನ್ನು 'ಕುರೇನ್ಯನಿಗಿಂತ ಮೊದಲು' ಎಂದು ಓದಬೇಕೆಂದು ಇನ್ನು ಕೆಲವರು ಸಮಾಧಾನ ಹೇಳುತ್ತಾರೆ. ಲೂಕನಿಗೆ ಕಾಲ ಬೆರೆತುಹೋಗಿದೆ ಎಂದೇ ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ.

ಹಾಗಾದರೆ ಲೂಕನ ಮಾತನ್ನೆಲ್ಲ ಬದಿಗಿಡಬೇಕೇ? ಬೇಕಿಲ್ಲ. ದಕ್ಷಿಣ ಕನ್ನಡದ ಅಜ್ಜಿಯೊಬ್ಬರನ್ನು 'ನಿಮ್ಮ ಮಗ ಹುಟ್ಟಿದ್ದು ಯಾವಾಗ?' ಎಂದು ಕೇಳಿದರೆ 'ದೊಡ್ಡ ಬೊಳ್ಳದ ವರ್ಷ' ಎನ್ನುತ್ತಾರೆ. ನೇತ್ರಾವತಿಗೆ 1923ರಲ್ಲೂ ದೊಡ್ಡ ನೆರೆ ಬಂದಿತ್ತು, 1974ರಲ್ಲೂ ಬಂದಿತ್ತು. ಸಾಮಾನ್ಯ ಜನ ಕಾಲವನ್ನು ನೆನಪಿಡುವುದು ಹೀಗೆ, ದೊಡ್ಡ ಘಟನೆಗಳಿಗೆ ಗಂಟು ಹಾಕಿ. ಗಂಟು ಬೇರೆ ಘಟನೆಗೆ ಬಿದ್ದರೆ ವರ್ಷ ತಪ್ಪುತ್ತದೆ, ಮಗ ಹುಟ್ಟಿದ್ದು ಸುಳ್ಳಾಗುವುದಿಲ್ಲ. ಯೆಹೂದಿಗಳ ದಂಗೆಗೆ ಕಾರಣವಾದ ಆ ಖಾನೇಷುಮಾರಿ ಅಲ್ಲಿನ ಜನರ ಪಾಲಿಗೆ ಒಂದು ದೊಡ್ಡ ಬೊಳ್ಳವೇ ಆಗಿತ್ತು.

ಇಲ್ಲಿ ಸ್ವಲ್ಪ ಹೊತ್ತು ನಮ್ಮ ಉತ್ತರ ಕರ್ನಾಟಕಕ್ಕೆ ಹೋಗಿ ಬರೋಣ. ಇಂಥದೇ ತೊಡಕು ಬಸವಣ್ಣನವರ ಜೀವನದಲ್ಲಿಯೂ ಇದೆ, ಅದನ್ನು ಬಿಡಿಸಿದ ಕಥೆಯೂ ರೋಚಕವಾಗಿದೆ. ಬಸವಣ್ಣನವರ ಬಾಲ್ಯದ ಬಗ್ಗೆ ನಮಗಿರುವ ಹಳೆಯ ಮೂಲಗಳು ಮುಖ್ಯವಾಗಿ ಎರಡು: ಕನ್ನಡದಲ್ಲಿ ಹರಿಹರನ ಬಸವರಾಜದೇವರ ರಗಳೆ, ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣ. ಇಬ್ಬರೂ ಬಸವಣ್ಣನವರ ಭಕ್ತರು, ಇಬ್ಬರೂ ಅವರು ಲಿಂಗೈಕ್ಯರಾದ ಮೇಲೆ ಬರೆದವರು. ಹರಿಹರನ ಪ್ರಕಾರ ತಂದೆತಾಯಿ ಬೇಗನೆ ತೀರಿಕೊಂಡು ಅಜ್ಜಿ ಸಾಕಿದರು, ಜನಿವಾರ ಕಿತ್ತೆಸೆದದ್ದು ಪ್ರಾಯಕ್ಕೆ ಬಂದ ಮೇಲೆ. ಸೋಮನಾಥನ ಪ್ರಕಾರ ಬಾಲಕ ಉಪನಯನವನ್ನೇ ಒಲ್ಲೆನೆಂದ, ತಂದೆಯೊಂದಿಗೇ ವಾದಕ್ಕೆ ನಿಂತ. ಎರಡೂ ಒಟ್ಟಿಗೆ ನಿಜವಾಗಲಾರವು. ಆದರೆ ತಂದೆ ಮಾದಿರಾಜ, ಊರು ಬಾಗೇವಾಡಿ, ಸಂಗಮಕ್ಕೆ ಹೋದದ್ದು, ಬಿಜ್ಜಳನ ಆಸ್ಥಾನ ಸೇರಿದ್ದು, ಇವುಗಳಲ್ಲಿ ಇಬ್ಬರೂ ಒಂದಾಗುತ್ತಾರೆ. ಒಬ್ಬರನ್ನೊಬ್ಬರು ನೋಡಿ ಬರೆದಿದ್ದರೆ ಅಷ್ಟು ಭಿನ್ನತೆ ಇರುತ್ತಿರಲಿಲ್ಲ. ಆದುದರಿಂದ ಒಂದಾದ ಕಡೆ ತೂಕ ಹೆಚ್ಚು.

ಮತ್ತಾಯ, ಲೂಕರ ವಿಷಯವೂ ಹೀಗೆಯೇ. ಮತ್ತಾಯನಲ್ಲಿ ಮೂಡಣ ದೇಶದ ಜೋಯಿಸರು, ನಕ್ಷತ್ರ, ಈಜಿಪ್ಟಿಗೆ ಪಲಾಯನ. ಲೂಕನಲ್ಲಿ ಕುರುಬರು, ಗೋದಲಿ, ಖಾನೇಷುಮಾರಿ. ಮಾರ್ಕ ಮತ್ತು ಯೋಹಾನರ ಸುವಾರ್ತೆಗಳಲ್ಲಿ ಜನನದ ಕಥೆಯೇ ಇಲ್ಲ. ಇಷ್ಟು ಭಿನ್ನವಾಗಿ ಬರೆದ ಮತ್ತಾಯ, ಲೂಕರಿಬ್ಬರೂ ತಾಯಿ ಮರಿಯಳು, ಯೋಸೇಫ, ಹೆರೋದನ ಕಾಲ, ಬೇತ್ಲೆಹೇಮಿನಲ್ಲಿ ಜನನ, ನಜರೇತಿನಲ್ಲಿ ಬಾಲ್ಯ ಎಂಬುದನ್ನು ಮಾತ್ರ ಸಮಾನವಾಗಿ ಹೇಳುತ್ತಾರೆ. ಇವುಗಳಲ್ಲಿ ಬೇತ್ಲೆಹೇಮಿನ ಬಗ್ಗೆ ಸಂದೇಹಪಡುವವರಿದ್ದಾರೆ. ರಕ್ಷಕನು ದಾವೀದನ ಊರಾದ ಬೇತ್ಲೆಹೇಮಿನಿಂದ ಬರುವನೆಂದು ಮೀಕ ಎಂಬ ಪ್ರವಾದಿ ಮೊದಲೇ ಹೇಳಿದ್ದುದರಿಂದ, ಭಕ್ತರಿಗೆ ಹಾಗೆ ಬರೆಯಲು ಕಾರಣವಿತ್ತು ಎಂಬುದು ಅವರ ವಾದ. ನಜರೇತಿನ ಬಗ್ಗೆ ಯಾರಿಗೂ ಸಂದೇಹವಿಲ್ಲ ಎನ್ನಬಹುದು. ಅದೊಂದು ಹೆಸರಿಲ್ಲದ ಸಣ್ಣ ಹಳ್ಳಿ, ಹಳೆಯ ಒಡಂಬಡಿಕೆಯಲ್ಲಿ ಅದರ ಉಲ್ಲೇಖವೇ ಇಲ್ಲ. ತಮ್ಮ ಗುರುವಿನ ಹೆಸರಿಗೆ ಅಂಥ ಊರನ್ನು ಯಾರೂ ಬೇಕೆಂದು ಅಂಟಿಸುವುದಿಲ್ಲ. ಹೇಳುವವನಿಗೆ ಲಾಭವಿಲ್ಲದ ಮಾತಿಗೆ ತಕ್ಕಡಿಯಲ್ಲಿ ತೂಕ ಹೆಚ್ಚು. ಬಸವಣ್ಣನವರಿಗೂ ಎರಡು ಊರುಗಳಿವೆ: ಬಾಗೇವಾಡಿ ಮತ್ತು ಪಕ್ಕದ ಇಂಗಳೇಶ್ವರ. ತಾಯಿಯ ತವರು ಇಂಗಳೇಶ್ವರದಲ್ಲೇ ಹೆರಿಗೆಯಾಯಿತೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಚೊಚ್ಚಲ ಹೆರಿಗೆಗಲ್ಲದಿದ್ದರೂ ತವರಿಗೆ ಹೋಗುವ ನಮ್ಮ ಪದ್ಧತಿ ನೋಡಿದರೆ ಅದೂ ಅಸಂಭವವಲ್ಲ ಎಂದು ನನಗನಿಸುತ್ತದೆ.

ಇನ್ನು ಅಂತರ್ಜಾಲದಲ್ಲಿ ನೀವು ಆಗಾಗ ಓದುವ ಮಾತಿಗೆ ಬರೋಣ. 'ಯೇಸು ಎಂಬ ವ್ಯಕ್ತಿಯೇ ಇರಲಿಲ್ಲ, ಆ ಕಾಲದ ಒಂದು ಕಲ್ಲಿನಲ್ಲೂ ಅವರ ಹೆಸರಿಲ್ಲ' ಎಂಬ ಮಾತು. ನಾನಾ ಧರ್ಮದ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ನಮ್ಮಂಥ ಶಾಲೆಯಲ್ಲಿ ಇಂಥ ಮಾತು ಸ್ಕೂಲ್ ಬಸ್ಸಿನ ಜಗಳವಾಗಲು ಹೆಚ್ಚು ಹೊತ್ತು ಬೇಡ. ಕಲ್ಲಿನಲ್ಲಿ ಹೆಸರಿಲ್ಲದಿದ್ದರೆ ಮನುಷ್ಯನೇ ಇಲ್ಲ ಎನ್ನಬಹುದೇ?

ನೂರಿಪ್ಪತ್ತು ವರ್ಷಗಳ ಹಿಂದೆ ಬಸವಣ್ಣನವರ ಬಗ್ಗೆಯೂ ಇಂಥ ಸಂದೇಹ ಎದ್ದಿತ್ತು. ಕನ್ನಡ ನಾಡಿನ ಶಾಸನಗಳನ್ನು ಓದಿದ ದೊಡ್ಡ ವಿದ್ವಾಂಸ ಜೆ. ಎಫ್. ಫ್ಲೀಟ್ ಅವರಿಗೆ, ಬಿಜ್ಜಳನ ಕಾಲದ ಅಷ್ಟೊಂದು ಶಾಸನಗಳಿದ್ದರೂ ಬಸವಣ್ಣನವರ ಹೆಸರು ಸಿಗಲಿಲ್ಲ. ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಕಥೆ ಮಾತ್ರ ಸಿಕ್ಕಿತು. ಹಾಗಾಗಿ ಪುರಾಣದ ಬಸವನ ಕಥೆಗೆ ಶಾಸನದ ಬೆಂಬಲವಿಲ್ಲವೆಂದು ಅವರು ಶಂಕಿಸಿದರು, ರಾಮಯ್ಯನಿಗೇ ಹೆಚ್ಚು ಮಹತ್ವ ಕೊಟ್ಟರು. ಅವರು ಆಗ ಕೈಯಲ್ಲಿದ್ದ ಆಧಾರಕ್ಕೆ ತಕ್ಕಂತೆ ಮಾತಾಡಿದರು, ಅದು ದ್ವೇಷದ ಮಾತಲ್ಲ. ಮುಂದೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಒಂದು ಶಾಸನ ಬೆಳಕಿಗೆ ಬಂತು. ಸೇವುಣ ಅರಸ ಕನ್ನರನ ಕಾಲದ್ದು, ಕ್ರಿ.ಶ. 1260ರದು. ಅದರಲ್ಲಿ ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜ, ಅವನ ಮಗ ಬಸವರಾಜ, ಅಣ್ಣ ದೇವರಾಜನ ವಂಶ, ಎಲ್ಲವೂ ಇದ್ದವು. ಬಸವಣ್ಣನವರು ಲಿಂಗೈಕ್ಯರಾಗಿ ಒಂದು ಶತಮಾನವೂ ಕಳೆಯದ ಹೊತ್ತಿಗೆ ಕೆತ್ತಿದ ಕಲ್ಲು. ಹರಿಹರ, ಸೋಮನಾಥರು ಹೇಳಿದ ತಂದೆಯ ಹೆಸರು, ಊರಿನ ಹೆಸರು ಅಲ್ಲಿ ಹಾಗೆಯೇ ಇತ್ತು.

ಪೊಂತ್ಯ ಪಿಲಾತನ ಕಥೆಯೂ ಇಂಥದೇ. ಯೇಸುವನ್ನು ಶಿಲುಬೆಗೇರಿಸಲು ಆಜ್ಞೆ ಕೊಟ್ಟ ಈ ರೋಮನ್ ಅಧಿಕಾರಿಯ ಹೆಸರು ಪುಸ್ತಕಗಳಲ್ಲಿತ್ತೇ ಹೊರತು ಕಲ್ಲಿನಲ್ಲಿ ಇರಲಿಲ್ಲ. 1961ರಲ್ಲಿ ಇಟಲಿಯ ಪುರಾತತ್ತ್ವಜ್ಞರು ಸಮುದ್ರ ತೀರದ ಕೈಸರೈಯದಲ್ಲಿ ಹಳೆಯ ರಂಗಮಂದಿರವನ್ನು ಅಗೆಯುತ್ತಿದ್ದಾಗ, ಮೆಟ್ಟಿಲಿಗೆಂದು ಮರುಬಳಕೆ ಮಾಡಿದ್ದ ಸುಣ್ಣದಕಲ್ಲಿನ ಮೇಲೆ ಅವನ ಹೆಸರು, ಹುದ್ದೆ ಕಾಣಿಸಿದವು. ಸ್ವಾರಸ್ಯವೆಂದರೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಅವನನ್ನು 'ಪ್ರೊಕ್ಯುರೇಟರ್' ಎಂದಿದ್ದ. ಕಲ್ಲು 'ಪ್ರಿಫೆಕ್ಟ್' ಎಂದಿತು. ದೊಡ್ಡ ಇತಿಹಾಸಕಾರನನ್ನೂ ಒಂದು ಮೆಟ್ಟಿಲುಕಲ್ಲು ತಿದ್ದಿತು.

ಯೇಸುವಿನ ಹೆಸರಿನ ಅಂಥ ಕಲ್ಲು ಇಲ್ಲ. ರೋಮ್ ಸಾಮ್ರಾಜ್ಯದ ಒಂದು ಮೂಲೆಯ ಹಳ್ಳಿಯ ಬಡಗಿಗೆ ಯಾರು ಶಾಸನ ಕೆತ್ತಿಸುತ್ತಾರೆ? ಆದರೆ ಬೇರೆ ಸಾಕ್ಷಿಗಳಿದ್ದಾರೆ. ಟ್ಯಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ, ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆಂದು ಬರೆದ. ಅವನಿಗೆ ಕ್ರೈಸ್ತರೆಂದರೆ ತಿರಸ್ಕಾರ, ಹೊಗಳಬೇಕೆಂಬ ಆಸೆ ಇಲ್ಲವೇ ಇಲ್ಲ. ಜೋಸೆಫಸ್ ಸುಮಾರು ಕ್ರಿ.ಶ. 93ರ ಗ್ರಂಥದಲ್ಲಿ ಎರಡು ಕಡೆ ಯೇಸುವಿನ ಹೆಸರು ಹೇಳುತ್ತಾನೆ. ಅದರಲ್ಲಿ ಉದ್ದನೆಯ ಭಾಗಕ್ಕೆ ನಂತರದ ಕ್ರೈಸ್ತ ಪ್ರತಿಕಾರರು ಭಕ್ತಿಯ ಮಾತುಗಳನ್ನು ಸೇರಿಸಿದ್ದಾರೆ. ವಚನಗಳ ಓಲೆಗರಿಗಳಲ್ಲಿ ನಮ್ಮ ವಿದ್ವಾಂಸರು 'ಪ್ರಕ್ಷಿಪ್ತ' ಎಂದು ಗುರುತು ಹಾಕುತ್ತಾರಲ್ಲ, ಹಾಗೆ. ಇನ್ನೊಂದು ಕಡೆ ಮಾತ್ರ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಾಕೋಬನನ್ನು ಕೊಲ್ಲಿಸಿದ ವಿಷಯ ಒಣ ವರದಿಯಂತೆ ಬರುತ್ತದೆ. ಅದನ್ನು ಹೆಚ್ಚಿನವರು ಒಪ್ಪುತ್ತಾರೆ. ಎಲ್ಲಕ್ಕಿಂತ ಹಳೆಯದು ಪೌಲನ ಪತ್ರಗಳು, ಸುಮಾರು ಕ್ರಿ.ಶ. 50ರ ದಶಕದವು. ಯೆರೂಸಲೇಮಿನಲ್ಲಿ ಯೇಸುವಿನ ಸಹೋದರ ಯಾಕೋಬನನ್ನು ಕಣ್ಣಾರೆ ಕಂಡೆನೆಂದು ಅವನು ಗಲಾತ್ಯದವರಿಗೆ ಬರೆಯುತ್ತಾನೆ. ಅದೇ ಪತ್ರದಲ್ಲಿ ಯೇಸು ಸ್ತ್ರೀಯಲ್ಲಿ ಹುಟ್ಟಿದವರೆಂಬ ಮಾತೂ ಇದೆ. ಜನನದ ಬಗ್ಗೆ ನಮಗೆ ಸಿಗುವ ಅತಿ ಹಳೆಯ ಬರಹ ಇಷ್ಟೇ: ಊರಿಲ್ಲ, ವರ್ಷವಿಲ್ಲ. ಆದರೆ ಹುಟ್ಟದ ಮನುಷ್ಯನಿಗೆ ಸಹೋದರನಿರುವುದಿಲ್ಲ. ಯಾವ ನಂಬಿಕೆಯವರೇ ಆಗಲಿ, ವೃತ್ತಿನಿರತ ಇತಿಹಾಸಕಾರರಲ್ಲಿ ಬಹುತೇಕ ಎಲ್ಲರೂ ಯೇಸು ಎಂಬ ವ್ಯಕ್ತಿ ಇದ್ದರೆಂದು ಒಪ್ಪುವುದು ಇಂಥ ಸಾಕ್ಷ್ಯಗಳಿಂದ.

ಕನ್ಯೆಯಲ್ಲಿ ಜನನ, ನಂದಿಯ ಅವತಾರ ಇವೆಲ್ಲ ಈ ತಕ್ಕಡಿಗೆ ಬರುವ ವಸ್ತುಗಳಲ್ಲ. ಇತಿಹಾಸಕಾರನು ಅವುಗಳನ್ನು ಹೌದೆನ್ನಲೂ ಅಲ್ಲವೆನ್ನಲೂ ಆಗುವುದಿಲ್ಲ. ಯಾವಾಗಿನಿಂದ ಜನ ಹಾಗೆ ನಂಬಿದರು ಎಂದಷ್ಟೇ ಹೇಳಬಲ್ಲ. ಜೋಯಿಸರ ನಕ್ಷತ್ರವನ್ನು ಕ್ರಿ.ಪೂ. 7ರ ಗುರು-ಶನಿ ಸಂಯೋಗವೆಂದು ವಿವರಿಸುವವರು ಖಗೋಳಜ್ಞ ಕೆಪ್ಲರನ ಕಾಲದಿಂದಲೂ ಇದ್ದಾರೆ. ನನಗಂತೂ ಅದರಲ್ಲಿ ಅಷ್ಟು ಭರವಸೆಯಿಲ್ಲ. ಆಕಾಶದಲ್ಲಿ ಹುಡುಕಿದರೆ ಯಾವ ವರ್ಷಕ್ಕೂ ಏನಾದರೊಂದು ಸಿಗುತ್ತದೆ.

ತೂಗುವ ಈ ಕೆಲಸಕ್ಕೆ ದೂರದ ಉದಾಹರಣೆಯೇ ಬೇಕಿಲ್ಲ. ಕುವೈತ್‌ನ ಫೈಲಕಾ ದ್ವೀಪದ ಅಲ್ ಕುಸೂರ್ ಎಂಬಲ್ಲಿ 1980ರ ದಶಕದ ಕೊನೆಗೆ ಫ್ರೆಂಚ್ ತಂಡವೊಂದು ಅಗೆದಾಗ ಪುರಾತನ ಚರ್ಚಿನ ಅವಶೇಷ, ಗಚ್ಚಿನಲ್ಲಿ ಮೂಡಿಸಿದ ಶಿಲುಬೆ ಸಿಕ್ಕವು. ಮೊದಲು ಅದು ಐದು-ಆರನೆಯ ಶತಮಾನದ್ದೆಂದರು. ಆಮೇಲೆ ಅಲ್ಲಿನ ಮಡಕೆ ಚೂರುಗಳನ್ನು ಬೇರೆ ಕಡೆಯವುಗಳೊಂದಿಗೆ ಹೋಲಿಸಿದಾಗ ಕಾಲ ಮುಂದಕ್ಕೆ ಸರಿಯಿತು. ಈಗ ಏಳು-ಎಂಟನೆಯ ಶತಮಾನ ಎನ್ನುತ್ತಾರೆ, ಎಂದರೆ ಇಸ್ಲಾಂ ಬಂದ ಮೇಲೆಯೂ ಇಲ್ಲಿ ಕ್ರೈಸ್ತ ಸನ್ಯಾಸಿಗಳಿದ್ದರು. ಮಡಕೆ ಚೂರಿನ ಸಾಕ್ಷ್ಯ ಬದಲಾದರೆ ಪುಸ್ತಕವೂ ಬದಲಾಗಬೇಕು.

ಕೊನೆಯದಾಗಿ, ದಿನ. ಡಿಸೆಂಬರ್ 25 ಬೈಬಲಿನಲ್ಲಿ ಇಲ್ಲ. ಕ್ರಿ.ಶ. 200ರ ಸುಮಾರಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಜನರು ಹೇಳುತ್ತಿದ್ದ ಹಲವು ದಿನಗಳನ್ನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಮೇ ತಿಂಗಳ ದಿನವೂ ಇದೆ, ಡಿಸೆಂಬರ್ 25 ಇಲ್ಲ. ಆ ದಿನ ಮೊದಲು ಕಾಣಿಸುವುದು ಕ್ರಿ.ಶ. 354ರ ರೋಮನ್ ಪಂಚಾಂಗದಲ್ಲಿ. ರೋಮನ್ನರ ಸೂರ್ಯೋತ್ಸವದ ದಿನವನ್ನೇ ಕ್ರೈಸ್ತರು ತೆಗೆದುಕೊಂಡರು ಎಂಬುದು ಒಂದು ವಿವರಣೆ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿದರು ಎಂಬುದು ಇನ್ನೊಂದು. ಪವಿತ್ರ ಕುರ್‌ಆನಿನ ಮರ್ಯಮ್ ಅಧ್ಯಾಯದಲ್ಲಿ ಖರ್ಜೂರದ ಮರದ ಬುಡದಲ್ಲಿ ಈಸಾ ಅವರ ಜನನವಾದ ವಿವರವಿದೆ, ಅಲ್ಲಿಯೂ ತಾರೀಖಿಲ್ಲ. ಬಸವಣ್ಣನವರ ವರ್ಷವನ್ನು ಕೆಲವರು 1105, ಕೆಲವರು 1131, ಮತ್ತೆ ಕೆಲವರು 1134 ಎನ್ನುತ್ತಾರೆ. ಜಯಂತಿ ಮಾತ್ರ ಎಲ್ಲರಿಗೂ ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯ. ಅದನ್ನು ಸಾರ್ವಜನಿಕವಾಗಿ ಆಚರಿಸುವುದನ್ನು ಹರ್ಡೇಕರ್ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಆರಂಭಿಸಿದರು.

ಫಹಾಹೀಲ್‌ನ ಒಂದೇ ಕಟ್ಟಡದಲ್ಲಿ ಮಂಗಳೂರಿನ ಕ್ರೈಸ್ತ ಕುಟುಂಬವೂ ಈಜಿಪ್ಟಿನ ಕಾಪ್ಟಿಕ್ ಕುಟುಂಬವೂ ಇದ್ದರೆ, ಮೊದಲನೆಯವರ ಮನೆಯಿಂದ ಕುಸ್ವಾರ್ ಬರುವುದು ಡಿಸೆಂಬರ್ 25ಕ್ಕೆ, ಎರಡನೆಯವರ ಹಬ್ಬ ಜನವರಿ 7ಕ್ಕೆ. ಅವರದು ಹಳೆಯ ಪಂಚಾಂಗ. ಆರ್ಮೇನಿಯದವರು ಯಾರಾದರೂ ಇದ್ದರೆ ಜನವರಿ 6.